ಪೈಪಿನ ಬಾಯಿ

ಟಿಕ್, ಟಿಕ್, ಟಿಕ್. ಅಷ್ಟಾದ ಮೇಲೆ ಬೆಂಕಿ ಹತ್ತಿಕೊಳ್ಳುವ ‘ಭುಸ್’ ಎಂಬ ಸದ್ದು ಬರಬೇಕಿತ್ತು. ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್, ಟಿಕ್, ಟಿಕ್.

ಲೆಸ್ಯಾ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಮನೆಯಲ್ಲಿ ಉಳಿದವರಿಗೆಲ್ಲ ನೆಲಮಾಳಿಗೆಯಲ್ಲಿ ಗ್ಯಾಸು ಉರಿಸಿ ಮನೆ ಬೆಚ್ಚಗಿಡುವ ಫರ್ನೇಸಿನ ಸದ್ದು ಕೇಳುತ್ತಿದ್ದರೆ ನಿದ್ದೆ ಬರುತ್ತಿತ್ತು. ಅವಳಿಗೆ ಅದು ಸದ್ದು ನಿಲ್ಲಿಸಿದ ಕೂಡಲೇ ಎಚ್ಚರವಾಗುತ್ತಿತ್ತು. ಮಗ್ಗುಲಲ್ಲಿ ಗಂಡ ಮೈರನ್ ಗೊರಕೆ ಹೊಡೆಯುತ್ತಿದ್ದ. ವಿನ್ನಿಪೆಗ್‌ನ ಡಿಸೆಂಬರ್ ಚಳಿಗೆ ಕಿಟಕಿ ಗಾಜಿನ ಒಳಮೈಯೂ ಬೆಳ್ಳಗೆ ಹೆಪ್ಪುಗಟ್ಟಿತ್ತು. ಇನ್ನೇನು ಗಂಡನನ್ನು ಅಲುಗಿಸಬೇಕು, ಅಷ್ಟರಲ್ಲಿ ಮಾವ ವಾಸಿಲ್ ನೆಲಮಾಳಿಗೆಗೆ ಇಳಿಯುವುದು ಕೇಳಿಸಿತು. ಮಂಡಿನೋವಿನ ಕಾಲು, ಒಂದೊಂದು ಮೆಟ್ಟಿಲಿನ ಮೇಲೂ ಎರಡೆರಡು ಸಲ ಬೀಳುತ್ತಿತ್ತು. ಕೆಳಗೆ ತಗಡಿನ ಬಾಗಿಲು ಕಿತ್ತ ಸದ್ದು, ಏನನ್ನೋ ಉಜ್ಜಿದ ಸದ್ದು, ಯಂತ್ರವನ್ನು ಗದರಿಸಿದ ಮಾತು. ಆಮೇಲೆ ‘ಭುಸ್’.

ಬೆಳಿಗ್ಗೆ ಮೈರನ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಶುರು ಮಾಡಿದ. “ರಾತ್ರಿ ಮತ್ತೆ ಕೈಕೊಡ್ತಂತೆ.”

“ಕೈಕೊಡ್ಲಿಲ್ಲ. ಗಂಟಲು ಕಟ್ಟಿತ್ತು. ಉಜ್ಜಿದೆ, ಸರಿಹೋಯ್ತು,” ಎಂದ ವಾಸಿಲ್.

“ಹೋದ ತಿಂಗಳು ಫ್ಯಾನು. ಅದಕ್ಕೂ ಮುಂಚೆ ಸ್ವಿಚ್ಚು. ಈಗ ಗಂಟಲು. ಅಪ್ಪ, ಅದಕ್ಕೆ ಕಲೀನಾಗಿಂತ ಹೆಚ್ಚು ವಯಸ್ಸಾಗಿದೆ.”

“ನಿಮ್ಮಮ್ಮನಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ. ಬದಲಾಯಿಸ್ಲಾ?”

ಒಲೆಯ ಮುಂದಿದ್ದ ಅತ್ತೆ ದೋಕಿಯಾ ಹಿಂತಿರುಗಿ ನೋಡಲೂ ಇಲ್ಲ. “ಬದಲಾಯಿಸು. ಹೊಸಬಳಿಗೇ ಹೇಳು, ನಿನ್ನ ಮಂಡಿಗೆ ಎಣ್ಣೆ ತಿಕ್ಕೋಕೆ.”

ಹದಿನೈದರ ಮೊಮ್ಮಗಳು ಕಲೀನಾ ಹಾಲು ಮೂಗಿಗೇರುವಷ್ಟು ನಕ್ಕಳು. ಲೆಸ್ಯಾಗೆ ನಗು ಬರಲಿಲ್ಲ.

“ತಮಾಷೆ ಅಲ್ಲ ಮಾವ. ಅದರೊಳಗಿನ ತಗಡು ಬಿರುಕು ಬಿಟ್ರೆ ಬರೋ ಹೊಗೆಗೆ ವಾಸನೆಯೇ ಇರಲ್ಲ. ಮಲಗಿದವರು ಮಲಗಿದ ಹಾಗೇ ಹೋಗ್ಬಿಡ್ತಾರೆ.”

“ಅದಕ್ಕೇ ಅಲ್ವೇನಮ್ಮ ನೀನು ಹೊಗೆ ಕಂಡ್ರೆ ಕೂಗೋ ಆ ಬಿಳಿ ಡಬ್ಬಿಗಳನ್ನ ಒಂದೊಂದು ಕೋಣೆ ಮುಂದೂ ನೇತುಹಾಕಿರೋದು. ನಾನು ಬೀನ್ಸ್ ತಿಂದ್ರೂ ಕೂಗ್ಕೊಳ್ತವೆ. ಬಿರುಕು ನಾನು ನೋಡಿದೀನಿ. ಕನ್ನಡಿ ಹಿಡಿದು, ಟಾರ್ಚ್ ಬಿಟ್ಟು ನೋಡಿದೀನಿ. ಇಲ್ಲ.”

ವಾಸಿಲ್ ರೈಲ್ವೆ ಶೆಡ್ಡಿನಲ್ಲಿ ಎಂಜಿನ್ ರಿಪೇರಿ ಮಾಡಿಕೊಂಡೇ ತಲೆ ನರೆಸಿಕೊಂಡವನು. ಹೋದ ವರ್ಷ ಕಣ್ಣಿನ ಡಾಕ್ಟರು ಕಾರು ಓಡಿಸಬೇಡಿ ಎಂದಿದ್ದರು; ಬೀಗದ ಕೈ ಮೈರನ್‌ನ ಜೇಬು ಸೇರಿತ್ತು. ಅಂಗಳದ ಹಿಮ ಎತ್ತುವುದನ್ನು ಮಂಡಿ ಬಿಡಿಸಿತ್ತು. ಬಿಲ್ಲುಗಳೆಲ್ಲ ಈಗ ಮಗನ ಹೆಸರಿಗೇ ಬರುತ್ತಿದ್ದವು. ಮನೆಯಲ್ಲಿ ಅವನ ಮಾತು ನಡೆಯುವ ಜಾಗ ಎಂದರೆ ನೆಲಮಾಳಿಗೆಯ ಆ ಮೂಲೆಯೊಂದೇ.

“ಸರಿ,” ಎಂದ ಮೈರನ್. “ಈ ಚಳಿಗಾಲ ನಿಂದು. ಆದರೆ ಇನ್ನೊಂದು ಸಲ ನಿಂತ್ಕೊಳ್ತು ಅಂದ್ರೆ ಮಾತಿಲ್ಲ, ಹೊಸದು ಬರತ್ತೆ.”

“ಹೊಸದು ಬೇಡ ಅಂತ ಯಾರು ಹೇಳಿದ್ರು? ಅದಕ್ಕೂ ಕಾಲ ಬರತ್ತೆ. ಸಾಕು ಅಂತ ನಾನು ಹೇಳ್ತೀನಿ. ಎಂಜಿನ್ನಿಗೆ ಸಾಕು ಅನ್ನೋನು ಅದನ್ನ ರಿಪೇರಿ ಮಾಡಿದೋನು, ಆಫೀಸಲ್ಲಿ ಕೂತೋನಲ್ಲ.”

“ನಾನು ಆಫೀಸಲ್ಲಿ ಕೂತು ತಾನೇ ಗ್ಯಾಸಿನ ಬಿಲ್ಲು ಕಟ್ಟೋದು.”

ವಾಸಿಲ್ ತಟ್ಟೆ ಸರಿಸಿ ಎದ್ದ. ದೋಕಿಯಾ ಮಗನ ಮುಂದಿದ್ದ ಜಾಮಿನ ಬಾಟಲಿಯನ್ನು ಎತ್ತಿ ಕಪಾಟಿನಲ್ಲಿಟ್ಟಳು. ಅದು ಅವಳು ಕೊಡುವ ಶಿಕ್ಷೆ.

ಅವರ ಚರ್ಚಿನ ಹಳೆಯ ಪಂಚಾಂಗದಂತೆ ಜನವರಿ ಏಳಕ್ಕೆ ಬರುವ ಕ್ರಿಸ್‌ಮಸ್ ಸುಸೂತ್ರವಾಗಿ ಕಳೆಯಿತು. ಎಲೆಕೋಸಿನ ಸುರುಳಿ, ಆಲೂಗಡ್ಡೆ ತುಂಬಿದ ಕಡುಬು, ಜೇನು ಹಾಕಿದ ಗೋಧಿ. ಫರ್ನೇಸು ಒಮ್ಮೆಯೂ ಕೆಮ್ಮಲಿಲ್ಲ. ಬಂದ ನೆಂಟರನ್ನೆಲ್ಲ ವಾಸಿಲ್ ಒಬ್ಬೊಬ್ಬರನ್ನಾಗಿ ಕೆಳಗೆ ಕರೆದುಕೊಂಡು ಹೋಗಿ ನೀಲಿ ಜ್ವಾಲೆ ತೋರಿಸಿದ.

ಹಬ್ಬದ ಮಾರನೆಯ ವಾರ ಹಿಮ ಬಿತ್ತು, ಬಿದ್ದದ್ದು ನಿಲ್ಲಲಿಲ್ಲ. ದೋಕಿಯಾ ಹಳ್ಳಿಯ ಹೊಲಮನೆಯಲ್ಲಿ ಬೆಳೆದವಳು. ಅವಳ ತಾಯಿಯ ಕಾಲದಿಂದಲೂ ಹಿಮ ಬಿದ್ದ ಮೇಲೆ ಮನೆಯ ಹೆಂಗಸರು ಅದನ್ನು ಉತ್ತರದ ಗೋಡೆಗೆ ಒತ್ತಿ ಒತ್ತಿ ಸೊಂಟದೆತ್ತರ ಕಟ್ಟುತ್ತಿದ್ದರು. ಗಾಳಿ ಒಳಗೆ ನುಗ್ಗದಂತೆ ತಡೆಯಲು ಹಿಮವೇ ಕಂಬಳಿ. ಅದಕ್ಕೆ ಅವರು ‘ಮನೆಗೆ ಹೊದಿಸೋದು’ ಎನ್ನುತ್ತಿದ್ದರು. ಪೇಟೆಗೆ ಬಂದು ಮುಪ್ಪಾದರೂ ದೋಕಿಯಾ ಅದನ್ನು ಬಿಟ್ಟಿರಲಿಲ್ಲ. ಈ ವರ್ಷ ಅವಳ ಸೊಂಟದ ಆಪರೇಷನ್ ಆಗಿದ್ದರಿಂದ ಸಲಿಕೆ ಸೊಸೆಯ ಕೈಗೆ ಬಂದಿತ್ತು. ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಗಾಜು ಬಡಿಯುತ್ತಿದ್ದಳು.

“ಇನ್ನೂ ಮೇಲಕ್ಕೆ. ತಟ್ಟು, ತಟ್ಟು. ಬ್ರೆಡ್ಡಿನ ಹಿಟ್ಟು ತಟ್ಟೋ ಹಾಗೆ ತಟ್ಟು.”

“ಪೈಪು ಇದೆ ಅತ್ತೆ ಇಲ್ಲಿ.”

“ಅದನ್ನ ಬಿಟ್ಟು ಕಟ್ಟು. ಗೂಡು ಬಿಡು. ನಾನೇನು ಪೈಪು ಮುಚ್ಚು ಅಂದ್ನಾ?”

ಆ ಗೋಡೆಯಲ್ಲಿ, ನೆಲದಿಂದ ಮಂಡಿಯೆತ್ತರಕ್ಕೆ, ಫರ್ನೇಸಿನ ಎರಡು ಬಿಳಿ ಪೈಪುಗಳು ಹೊರಗೆ ಮೂತಿ ಚಾಚಿದ್ದವು. ಒಂದು ಗಾಳಿ ಎಳೆದುಕೊಳ್ಳಲು, ಇನ್ನೊಂದು ಹೊಗೆ ಬಿಡಲು. ಲೆಸ್ಯಾ ಅವುಗಳ ಸುತ್ತ ಅಚ್ಚುಕಟ್ಟಾಗಿ ಗೂಡು ಕೊರೆದು, ದೂರ ನಿಂತು ನೋಡಿ, ಮತ್ತೆ ಹತ್ತಿರ ಬಂದು ಕೈಯಿಂದ ಸವರಿ ಖಾತ್ರಿ ಮಾಡಿಕೊಂಡಳು. ಯಾವ ಕೆಲಸವನ್ನೂ ಎರಡು ಸಲ ನೋಡದೆ ಬಿಡುವವಳಲ್ಲ.

ಜನವರಿಯ ಕೊನೆಯಲ್ಲಿ ಒಂದು ಸಂಜೆ ಅವಳು ಕೆಲಸದಿಂದ ತಡವಾಗಿ ಬಂದಳು. ಹಗಲೆಲ್ಲ ಹಿಮ ಬಿದ್ದಿತ್ತು, ಆಗಲೇ ಕತ್ತಲಾಗಿತ್ತು, ರಾತ್ರಿ ಮೈನಸ್ ಮೂವತ್ತೈದಕ್ಕೆ ಇಳಿಯುವುದೆಂದು ರೇಡಿಯೋ ಹೇಳುತ್ತಿತ್ತು. ಕಾಲುದಾರಿಯ ಹಿಮವನ್ನು ಎತ್ತೆತ್ತಿ ಗೋಡೆಯ ಕಡೆಗೇ ಎಸೆದಳು. ಅತ್ತೆ ಹೇಳಿಕೊಟ್ಟ ಹಾಗೆ ಸಲಿಕೆಯ ಬೆನ್ನಿನಿಂದ ತಟ್ಟಿ ನುಣ್ಣಗೆ ಮಾಡಿದಳು. ಕೈಬೆರಳುಗಳು ಮರಗಟ್ಟಿದ್ದವು. ಒಳಗೆ ಬೀಟ್‌ರೂಟ್ ಸೂಪು ಬಿಸಿಯಾಗಿತ್ತು.

ಆ ರಾತ್ರಿ ಫರ್ನೇಸು ನಿಂತಿತು.

ಈ ಸಲ ಎಲ್ಲರೂ ಎದ್ದರು. ವಾಸಿಲ್ ಹತ್ತಿಯ ಒಳಉಡುಪಿನ ಮೇಲೆ ಕೋಟು ಹಾಕಿಕೊಂಡು ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಲೆಸ್ಯಾ ಟಾರ್ಚ್ ಹಿಡಿದು ನಿಂತಳು. ಪುಟ್ಟ ಫ್ಯಾನು ತಿರುಗುವುದು, ಟಿಕ್ ಎನ್ನುವುದು, ಬೆಂಕಿ ಹತ್ತದೆ ನಿಲ್ಲುವುದು. ಮತ್ತೆ ಅದೇ.

“ಉಸಿರು ಸಿಕ್ತಿಲ್ಲ ಇದಕ್ಕೆ,” ಎಂದ ವಾಸಿಲ್. “ಲೆಸ್ಯಾ, ಹೊರಗಡೆ ಪೈಪು?”

“ಸಂಜೆ ತಾನೇ ಹಿಮ ಎತ್ತಿದೆ ಮಾವ. ತೆರೆದೇ ಇದೆ.”

“ನೋಡಿದ್ಯಾ?”

“ನೋಡಿದೆ.”

ನೋಡಿದೆನೆಂದೇ ಅವಳು ನಂಬಿದ್ದಳು. ದಿನವೂ ನೋಡುತ್ತಿದ್ದಳಲ್ಲ. ವಾಸಿಲ್ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳಲು ಹೋದವನು ಒಂದು ಗಳಿಗೆ ಮೆಟ್ಟಿಲುಗಳ ಕಡೆ ನೋಡಿದ, ಮಂಡಿ ಒತ್ತಿಕೊಂಡ, ಮತ್ತೆ ಕೂತ.

“ಹಾಗಾದ್ರೆ ನಾನು ಹಾಕಿದ ಸ್ವಿಚ್ಚೇ ಇರಬೇಕು,” ಎಂದ.

ಸ್ವಿಚ್ಚು ಬಿಚ್ಚಿದ, ಹಾಕಿದ. ಮತ್ತೆ ಬಿಚ್ಚಿದ. ಸ್ಕ್ರೂ ಕೈಜಾರಿ ಉರುಳಿಹೋಯಿತು. ಕಲೀನಾ ನೆಲದ ಮೇಲೆ ಬೋರಲು ಮಲಗಿ ಹುಡುಕಿದಳು. ಮೈರನ್ ಮೆಟ್ಟಿಲ ಮೇಲೆ ನಿಂತು ಹೇಳಿದ, “ಬಿಡಪ್ಪ. ಕೈ ನೋಡ್ಕೊ ಹೇಗೆ ನಡುಗ್ತಿದೆ.”

“ಚಳಿಗೆ.”

“ಚಳಿ ಯಾಕಾಗ್ತಿದೆ ಅಂತ ಯೋಚನೆ ಮಾಡು.”

ಬೆಳಗಾಗುವವರೆಗೆ ಎಲ್ಲರೂ ಅಡುಗೆಮನೆಯಲ್ಲಿ ಒಂದು ಕರೆಂಟ್ ಹೀಟರಿನ ಸುತ್ತ ಕಂಬಳಿ ಹೊದ್ದು ಕೂತರು. ನೀರಿನ ಪೈಪುಗಳು ಹೆಪ್ಪುಗಟ್ಟದಿರಲೆಂದು ನಲ್ಲಿಗಳನ್ನು ಸಣ್ಣಗೆ ಬಿಟ್ಟಿದ್ದರು. ದೋಕಿಯಾ ಮೊಮ್ಮಗಳ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಿದ್ದಳು. ವಾಸಿಲ್ ಮಾತ್ರ ಮೇಲೆ ಬರಲಿಲ್ಲ.

ಬೆಳಕು ಹರಿಯುತ್ತಲೇ ಲೆಸ್ಯಾ ಕಾರಿನ ಎಂಜಿನ್ ಬೆಚ್ಚಗಾಗಲು ಬಿಟ್ಟು ಬರೋಣವೆಂದು ಹೊರಗೆ ಹೋದಳು. ಉತ್ತರದ ಗೋಡೆಯ ಬಳಿ ಬಂದವಳು ನಿಂತುಬಿಟ್ಟಳು. ಗೋಡೆಗೆ ಕಟ್ಟಿದ ಹಿಮ ಈ ತುದಿಯಿಂದ ಆ ತುದಿಯವರೆಗೂ ಹಿಟ್ಟು ತಟ್ಟಿದ ಹಾಗೆ ನುಣ್ಣಗಿತ್ತು. ಗೂಡು ಇರಲಿಲ್ಲ.

ಅವಳು ಸಲಿಕೆಯಿಂದ ಬಗೆದಳು, ಆಮೇಲೆ ಮಂಡಿಯೂರಿ ಕೈಯಿಂದ ಬಗೆದಳು. ಹೊಗೆಯ ಬಿಸಿಗೆ ಹಿಮ ಕರಗಿ, ಕರಗಿದ್ದು ಪೈಪಿನ ಬಾಯಿಯಲ್ಲೇ ಗಾಜಿನಂತೆ ಗಟ್ಟಿಯಾಗಿತ್ತು. ಸಲಿಕೆಯ ಹಿಡಿಯಿಂದ ಕುಟ್ಟಿದಳು. ಒಂದು ಸಲ, ಎರಡು ಸಲ, ಜೋರಾಗಿ ಇನ್ನೊಂದು ಸಲ. ಸಾಸರಿನಷ್ಟಗಲದ ಮಂಜುಗಡ್ಡೆಯ ಬಿಲ್ಲೆ ಕಳಚಿ ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಬೂಟಿನಡಿ ಹಾಕಿ ತುಳಿದಳು. ತುಳಿಯುತ್ತಿರುವಾಗಲೇ ಪೈಪಿನಿಂದ ಬೆಚ್ಚನೆಯ ಆವಿ ಅವಳ ಮುಖಕ್ಕೆ ಹೊಡೆಯಿತು.

ಹೇಳಿಬಿಡಬೇಕೆಂದೇ ಅವಳು ಒಳಗೆ ಬಂದಳು. ಬಾಗಿಲು ತೆರೆದಾಗ ಮೈರನ್ ಫೋನಿನಲ್ಲಿದ್ದ.

“ಹೌದು, ಹಳೇದು. ಇಲ್ಲ, ಕಂಪನಿಯವರಿಂದ ಮಾಡಿಸಿಲ್ಲ, ನಮ್ಮ ತಂದೆಯೇ ಏನೋ ಮಾಡ್ತಾ ಬಂದಿದಾರೆ. ಅದೇ ತೊಂದರೆ ಆಗಿರೋದು. ಇವತ್ತೇ ಬಂದ್ರೆ ಒಳ್ಳೇದು.”

ವಾಸಿಲ್ ಕೆಳಗಿನಿಂದ ಹತ್ತಿ ಬಂದ. ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, “ಹತ್ಕೊಳ್ತು,” ಎಂದ.

ಮೈರನ್ ಫೋನಿಗೆ ಕೈ ಅಡ್ಡ ಹಿಡಿದ. “ಹೇಗೆ?”

ವಾಸಿಲ್ ನೆಲ ನೋಡಿದ. “ಗೊತ್ತಿಲ್ಲ.”

“ಗೊತ್ತಿಲ್ಲ. ಇಷ್ಟು ವರ್ಷ ರೈಲ್ವೆಲಿದ್ದು ಗೊತ್ತಿಲ್ಲ. ಸಂಜೆ ಮತ್ತೆ ನಿಲ್ಲತ್ತೆ, ಆಗ್ಲೂ ಗೊತ್ತಿಲ್ಲ. ನನ್ನ ಮಗಳ ತುಟಿ ನೀಲಿಯಾಗಿತ್ತಪ್ಪ ರಾತ್ರಿ.”

ಮಗಳ ತುಟಿ ನೀಲಿ ಮಾಡಿದ್ದು ಯಾರೆಂದು ಹೇಳಲು ಬಂದ ಲೆಸ್ಯಾ ಒದ್ದೆ ಬೂಟು ಬಿಚ್ಚುತ್ತ ಬಗ್ಗಿಯೇ ಇದ್ದಳು. ಬಗ್ಗಿದ್ದಷ್ಟು ಹೊತ್ತು ಯಾರ ಮುಖವನ್ನೂ ನೋಡುವ ಹಾಗಿರಲಿಲ್ಲ.

ಮಧ್ಯಾಹ್ನ ಬಂದ ಮೆಕ್ಯಾನಿಕ್ ಪೈಪು ನೋಡಿದ, ತೆರೆದಿತ್ತು. ಸ್ವಿಚ್ಚು ನೋಡಿದ, ಸರಿಯಾಗಿತ್ತು. ಹಾಗಾದರೆ ಯಾಕೆ ನಿಂತಿತು ಎಂದು ದೋಕಿಯಾ ಕೇಳಿದಳು.

“ಇಷ್ಟು ಹಳೇದಾದ ಮೇಲೆ ಯಾಕೆ ಅಂತ ಕೇಳೋದನ್ನ ಬಿಡಬೇಕಮ್ಮ. ಇನ್ನೆರಡು ಚಳಿಗಾಲ ಬಂದರೂ ಬಂತು, ಇವತ್ತು ರಾತ್ರಿನೇ ನಿಂತರೂ ನಿಂತಿತು. ನಿಮ್ಮ ಮನೆ, ನೀವು ಹೇಳಿ.”

ಎಲ್ಲರೂ ವಾಸಿಲ್‌ನ ಕಡೆ ನೋಡಿದರು. ವಾಸಿಲ್ ಮಗನ ಕಡೆ ಕೈ ತೋರಿಸಿದ. “ಅವನನ್ನ ಕೇಳು. ಅವನೇ ಮನೆ ಯಜಮಾನ.”

ಅದೇ ವಾರ ಹೊಸದು ಬಂತು. ಹಳೆಯದನ್ನು ಬಿಚ್ಚಿ ತುಂಡು ತುಂಡಾಗಿ ಮೇಲೆ ಹೊತ್ತು ತಂದಾಗ ವಾಸಿಲ್ ಹೊರಕೋಣೆಯಲ್ಲಿ ಟಿವಿಯಲ್ಲಿ ಹಾಕಿ ಪಂದ್ಯ ನೋಡುತ್ತಿದ್ದ. ದೋಕಿಯಾ ಬಂದು ಹೇಳಿದಳು, “ಒಳಗಿನ ತಗಡು ನೋಡ್ಬಾ, ಬಿರುಕಿಲ್ಲವಂತೆ. ಆ ಹುಡುಗನೇ ಹೇಳ್ತಿದಾನೆ.”

“ನನಗೆ ಗೊತ್ತಿತ್ತು,” ಎಂದ ವಾಸಿಲ್, ಟಿವಿಯಿಂದ ಕಣ್ಣು ತೆಗೆಯದೆ.

ಆಮೇಲೆ ಅವನು ನೆಲಮಾಳಿಗೆಗೆ ಇಳಿಯುವುದನ್ನೇ ಬಿಟ್ಟ. ಅಡುಗೆಮನೆಯ ಬಲ್ಬು ಹೋದಾಗ ದೋಕಿಯಾ ಕೂಗಿದಳು; “ಯಾರನ್ನಾದ್ರೂ ಕರೆಸಿ,” ಎಂದ. ಕಲೀನಾ ತನ್ನ ಸೈಕಲ್ಲಿನ ಪೆಡಲು ತಂದು ಮುಂದಿಟ್ಟರೆ, “ನನ್ನ ಕೈ ನಡುಗತ್ತಂತಲ್ಲ ಪುಟ್ಟಿ, ನಿಮ್ಮಪ್ಪನಿಗೆ ಹೇಳು,” ಎಂದ. ದೋಕಿಯಾ ಮಗನೊಂದಿಗೆ ಜಗಳವಾಡಿದಳು. “ಒಂದು ಮಾತು ಕಮ್ಮಿ ಆಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮನೆ ಬೆಚ್ಚಗಿದೆ, ಮನುಷ್ಯ ತಣ್ಣಗಾಗಿದಾನೆ.” ಮೈರನ್ ತಲೆ ತಗ್ಗಿಸಿ, “ನಾನೇನು ಸುಳ್ಳು ಹೇಳಿದ್ನಾ ಅಮ್ಮ? ನಿಂತಿದ್ದು ನಿಜ ತಾನೇ,” ಎಂದ. ಅಂದವನೇ ಅವತ್ತು ಅಪ್ಪನಿಗೆ ಹೊಸ ಚಪ್ಪಲಿ ತಂದ. ವಾಸಿಲ್ ಹಾಕಿಕೊಳ್ಳಲಿಲ್ಲ.

ಲೆಸ್ಯಾ ಪ್ರಾಯಶ್ಚಿತ್ತವನ್ನೆಲ್ಲ ಅಡುಗೆಯಲ್ಲಿ ಮಾಡತೊಡಗಿದಳು. ಮಾವನಿಗೆ ಇಷ್ಟವಾದ ಅಣಬೆ ಸಾರು, ಗಸಗಸೆ ರೊಟ್ಟಿ, ಈರುಳ್ಳಿ ಹುರಿದು ಹಾಕಿದ ಕಡುಬು. ವಾಸಿಲ್ ತಟ್ಟೆ ನೋಡಿ, “ಏನಮ್ಮ, ಗಲ್ಲಿಗೆ ಹಾಕೋನಿಗೆ ಬಡಿಸೋ ಹಾಗೆ ಬಡಿಸ್ತೀಯಾ,” ಎಂದ. ಅವಳ ಕೈಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿಯಿತು. ಹೊಸ ಫರ್ನೇಸು ಸದ್ದೇ ಮಾಡುತ್ತಿರಲಿಲ್ಲ. ಆದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಮಾರ್ಚ್ ಬಂತು, ಮಾಂಸ, ಹಾಲು ಮುಟ್ಟದ, ಈಸ್ಟರಿನ ಮುಂಚಿನ ದೊಡ್ಡ ಉಪವಾಸ ನಡೆಯುತ್ತಿತ್ತು. ಭಾನುವಾರ ಊಟಕ್ಕೆ ಎಲ್ಲರೂ ಕೂತಿದ್ದಾಗ ಹೊರಗೆ ಕೊನೆಯ ದೊಡ್ಡ ಹಿಮ ಬೀಳುತ್ತಿತ್ತು. ಇವತ್ತು ಹೇಳಿಯೇ ಬಿಡುವುದೆಂದು ಲೆಸ್ಯಾ ಚರ್ಚಿನಿಂದ ಬರುವಾಗಲೇ ತೀರ್ಮಾನಿಸಿದ್ದಳು. ಸೂಪು ಬಡಿಸಿ ಆದ ಮೇಲೆ ಎಂದುಕೊಂಡಿದ್ದಳು.

ಅಷ್ಟರಲ್ಲಿ ದೋಕಿಯಾ ಅಂದಳು, “ನಾಳೆ ಮನೆಗೆ ಹೊದಿಸ್ಬೇಕು, ಇದೊಂದು ಸಲ.”

“ಹೊದಿಸ್ಬೇಡಿ ಅಜ್ಜಿ,” ಎಂದಳು ಕಲೀನಾ. “ಹೊಸದನ್ನ ಹಾಕಿದವರು ಹೇಳ್ಲಿಲ್ವಾ? ಪೈಪಿನ ಹತ್ರ ಹಿಮ ಬಂದ್ರೆ ಉಸಿರು ಕಟ್ಟಿ ನಿಂತುಬಿಡತ್ತಂತೆ.”

ಮೈರನ್‌ನ ಚಮಚ ತಟ್ಟೆಯ ಹತ್ತಿರವೇ ನಿಂತಿತು. “ತಡಿ. ಹಳೇದಕ್ಕೂ ಅಲ್ಲೇ ತಾನೇ ಪೈಪಿದ್ದಿದ್ದು? ಆ ರಾತ್ರಿ ಯಾರು ಹಿಮ ಕಟ್ಟಿದ್ರು?”

ಲೆಸ್ಯಾ ಸೌಟು ಕೆಳಗಿಟ್ಟಳು. ಬಾಯಿ ತೆರೆದಳು.

“ಪೈಪು ತೆರೆದಿತ್ತು,” ಎಂದ ವಾಸಿಲ್. “ನಾನೇ ಹೋಗಿ ನೋಡಿದೆ.”

“ನೀನಾ? ಆ ಚಳೀಲಿ? ಯಾವಾಗ?”

“ನೀವೆಲ್ಲ ಹೀಟರ್ ಮುಂದೆ ತೂಕಡಿಸ್ತಿದ್ದಾಗ. ಮುಷ್ಟಿ ಹಾಕಿ ನೋಡಿದೆ, ಒಳಗೆ ಹೋಯ್ತು. ಸ್ವಿಚ್ಚು ನಾನು ಉಲ್ಟಾ ಕೂರಿಸಿದ್ದೆ, ಬೆಳಿಗ್ಗೆ ಸರಿ ಮಾಡಿದೆ, ಅಷ್ಟೆ. ಬ್ರೆಡ್ಡು ಈ ಕಡೆ ಕೊಡು.”

“ಹಾಗಾದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಮಗನ ಮುಂದೆ ನನಗೆ ವಯಸ್ಸಾಯ್ತು ಅಂತ ಹೇಳ್ಕೊಳ್ಳೋಕೆ ಯಾವ ಅಪ್ಪನಿಗೆ ಇಷ್ಟ ಇರತ್ತೆ? ಈಗ ಹೇಳಿದೀನಿ. ತಿನ್ನು.”

ಮೈರನ್ ತಿಂದ. ಸ್ವಲ್ಪ ಹೊತ್ತಾದ ಮೇಲೆ, “ಹೋಗ್ಲಿ ಬಿಡಪ್ಪ, ಅದೂ ಹಳೇದಾಗಿತ್ತು,” ಎಂದು ಬ್ರೆಡ್ಡಿನ ಬುಟ್ಟಿಯನ್ನೇ ಅಪ್ಪನ ಹತ್ತಿರ ಸರಿಸಿದ. ತಿಂಗಳುಗಳಿಂದ ಅವನ ಬಾಯಲ್ಲಿ ಅಷ್ಟು ಮೆತ್ತಗಿನ ಮಾತು ಬಂದಿರಲಿಲ್ಲ.

ಊಟವಾದ ಮೇಲೆ ಲೆಸ್ಯಾ ಪಾತ್ರೆ ತೊಳೆಯುತ್ತಿದ್ದಳು. ವಾಸಿಲ್ ತಾನೇ ಬಂದು ಒರೆಸುವ ಬಟ್ಟೆ ಎತ್ತಿಕೊಂಡ.

“ನೀವು ಹೊರಗೆ ಹೋಗೇ ಇರ್ಲಿಲ್ಲ ಮಾವ,” ಎಂದಳು ಅವಳು, ನೀರಿನ ಸದ್ದಿನ ಮರೆಯಲ್ಲಿ.

“ಇಲ್ಲ.”

“ಮತ್ತೆ ಹೇಗೆ…”

“ಕೆಳಗೆ ಕೂತಿದ್ನಲ್ಲ. ನೀನು ಕುಟ್ಟಿದ್ದು ಪೈಪಿನೊಳಗೆ ಕೇಳಿಸ್ತು. ಕುಟ್ಟಿದೆ, ಹತ್ಕೊಳ್ತು. ಅದನ್ನ ತಿಳ್ಕೊಳ್ಳೋಕೆ ರೈಲ್ವೆಲಿ ಇರ್ಬೇಕಾಗಿಲ್ಲ.”

ಅವಳ ಕೈ ನೊರೆಯೊಳಗೆ ನಿಂತಿತು. “ಅವತ್ತೇ ಒಂದು ಮಾತು ಹೇಳಿದ್ರೆ ನಿಮ್ಮ ಫರ್ನೇಸು ಉಳೀತಿತ್ತು.”

“ಏನಂತ ಹೇಳ್ಲಿ? ಸೊಸೆ ಹೇಳಿದ್ದನ್ನ ನಂಬಿ ಕೂತಿದ್ದೆ ಅಂತ್ಲಾ?” ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. “ಶೆಡ್ಡಲ್ಲಿ ನಮಗೆ ಮೊದಲನೇ ದಿನವೇ ಹೇಳ್ತಿದ್ರು. ಬ್ರೇಕ್ ನೋಡಿದೀನಿ ಅಂತ ಸ್ವಂತ ಅಣ್ಣನೇ ಹೇಳಿದ್ರೂ ನೀನು ಹೋಗಿ ಕೈಯಿಟ್ಟು ನೋಡು. ಕೇಳಿ ಸುಮ್ಮನಾದೋನಿಗೆ ಮಾರನೇ ದಿನ ಕೆಲಸ ಇರ್ತಿರ್ಲಿಲ್ಲ. ಆ ರಾತ್ರಿ ಎದ್ದೆ ನಾನು. ಎದ್ದು ಮಂಡಿ ನೋಡ್ಕೊಂಡು ಕೂತೆ. ಸಾಕು ಅನ್ನೋ ಕಾಲ ಫರ್ನೇಸಿಗೆ ಬಂದಿರ್ಲಿಲ್ಲ ಲೆಸ್ಯಾ.”

“ನಾನು ನೋಡಿದೆ ಅಂದೆ ಮಾವ. ನೋಡಿರ್ಲಿಲ್ಲ.”

“ನೀನು ಯಾವಾಗ್ಲೂ ನೋಡ್ತೀಯ. ಅದಕ್ಕೇ ನಂಬಿದ್ದು. ಆ ತಟ್ಟೆ ಕೊಡು.”

“ನಾನು ಮೈರನ್‌ಗೆ ಹೇಳ್ತೀನಿ. ಈಗಲೇ.”

“ಹೇಳು. ಆಗ ನಾನು ಇಷ್ಟು ಹೊತ್ತು ಊಟದ ಮೇಜಿನಲ್ಲಿ ಮೊಮ್ಮಗಳ ಮುಂದೆ ಸುಳ್ಳು ಹೇಳಿದ್ದು ಅಂತಾನೂ ಹೇಳ್ಬೇಕಾಗತ್ತೆ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ತಟ್ಟೆಯನ್ನು ಒಣಗಿದ ತಟ್ಟೆಗಳ ಮೇಲೆ ಸದ್ದಾಗದಂತೆ ಇಟ್ಟ.

ಮೈರನ್ ಬಾಗಿಲಿಂದ ಇಣುಕಿದ. “ಏನು ಗುಸುಗುಸು ಮಾವ ಸೊಸೆದು?”

“ಸೂಪಿಗೆ ಉಪ್ಪು ಕಮ್ಮಿಯಾಗಿತ್ತು ಅಂತಿದ್ದೆ,” ಎಂದ ವಾಸಿಲ್.

“ಶನಿವಾರ ಪಾದ್ರಿ ಹತ್ರ ತಪ್ಪೊಪ್ಪಿಗೆಗೆ ಯಾರ್ಯಾರು ಬರ್ತೀರಿ ಹೇಳಿ. ಕಾರು ತೆಗೀಬೇಕು.”

“ನಾನು ಬರಲ್ಲ. ನನ್ನ ವಯಸ್ಸಿನೋನು ಏನು ಪಾಪ ಮಾಡ್ತಾನೆ?”

“ಲೆಸ್ಯಾ, ನೀನು?”

ಲೆಸ್ಯಾ ನಲ್ಲಿ ನಿಲ್ಲಿಸಿದಳು. ಗಂಡ ಬಾಗಿಲಲ್ಲೇ ಕಾಯುತ್ತಿದ್ದ. ಹೇಳಿಬಿಟ್ಟರೆ ಅವಳ ಎದೆ ಹಗುರಾಗುತ್ತಿತ್ತು. ಆ ಭಾರವನ್ನು ಪಕ್ಕದಲ್ಲಿ ನಿಂತ ಮುದುಕ ಹೊರಬೇಕಾಗುತ್ತಿತ್ತು. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಬರ್ತೀನಿ,” ಎಂದಳು.

ಹೋಗುವುದು ಸರಿ, ಪಾದ್ರಿಯ ಮುಂದೆ ಮಂಡಿಯೂರುವುದೂ ಸರಿ. ಅಲ್ಲಿ ಸಿಡುಕಿದ್ದು, ಉಪವಾಸದ ದಿನ ಮರೆತು ಹಾಲು ಕುಡಿದದ್ದು, ಅಕ್ಕನಿಗೆ ಫೋನು ಮಾಡದೆ ಬಿಟ್ಟದ್ದು, ಇಂಥವನ್ನು ಹೇಳಿಕೊಂಡು ಎದ್ದು ಬರುವುದು. ಪೈಪಿನ ಮಾತನ್ನು ಗಂಡನಿಗಿರಲಿ, ಪಾದ್ರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ, ಅವಳು ಮಾವನ ಕೈಗೆ ಮುಂದಿನ ತಟ್ಟೆ ಕೊಟ್ಟಳು.